ಅಸ್ತರು

ಹೊಲಿಗೆ ಬಿಚ್ಚುವುದು ನನ್ನ ಕಸುಬು.
ಒಸಾಕಾದ ಕಾಲುವೆ ದಂಡೆಯಲ್ಲಿ, ಅಕ್ಕಿ ದೋಣಿಗಳ ಬೆನ್ನಿಗೆ,
ಒಕುಮೆ ಯಜಮಾನಿಯ ಅಂಗಳ.
ಉಡುಪನ್ನು ಇಡಿಯಾಗಿ ಒಗೆಯುವ ವಾಡಿಕೆ ಇಲ್ಲ ಇಲ್ಲಿ.
ಮೊದಲು ಬಿಚ್ಚಬೇಕು. ತೋಳು ಬೇರೆ, ಕೊರಳು ಬೇರೆ, ಬೆನ್ನು ಬೇರೆ.
ಕಡಲಪಾಚಿ ಕುದಿಸಿದ ಗಂಜಿ ಬಳಿದು
ಹಲಗೆಗೆ ಅಂಟಿಸಿ ಒಣಗಿಸಿ
ಮತ್ತೆ ಹೊಲಿಯಬೇಕು, ಏನೂ ಆಗೇ ಇಲ್ಲವೆಂಬಂತೆ.

ಐದು ಚಳಿಗಾಲದ ಹಿಂದೆ ಸೇತುವೆಯ ಬುಡದಲ್ಲಿ
ಹೊಸ ಕಟ್ಟಳೆಯ ಹಲಗೆ ನಿಂತಿತು.
ನನಗೆ ಓದು ಬರದು, ಉಪ್ಪಿನಕಾಯಿ ಮಾರುವವನು ಓದಿ ಹೇಳಿದ:
ಪೇಟೆಯವರಿಗೆ ರೇಷ್ಮೆ ಕೂಡದು, ಜರಿ ಕೂಡದು,
ಕುಸುಬೆ ಹೂವಿನ ಕೆಂಪು ಕೂಡದೇ ಕೂಡದು.

ಉಳಿದದ್ದು ಕಂದು, ಬೂದು.
ಕಂದಿಗೆ ನಾವು ಚಹಾ ಅನ್ನುತ್ತೇವೆ, ಬೂದಿಗೆ ಇಲಿ.
ಅಷ್ಟರಲ್ಲೇ ಸಂಸಾರ ತೂಗಿಸಿದರು ಬಣ್ಣಗಾರರು:
ಗುಬ್ಬಿ ಚಹಾ, ಸುಟ್ಟ ಚಹಾ, ನಿನ್ನೆಯ ಚಹಾ,
ಬೆಳ್ಳಿ ಇಲಿ, ಮಸಿ ಇಲಿ, ಮಳೆಯಲ್ಲಿ ನೆನೆದ ಇಲಿ.
ಹಬ್ಬದ ದಿನ ಊರಿಗೆ ಊರೇ
ಇಲಿಗಳ ಮೆರವಣಿಗೆ.

ಎಣ್ಣೆ ಅಂಗಡಿಯ ಗೆನ್‌ಶಿಚಿಯೂ ಒಂದು ಇಲಿ.
ಅವನ ಮೇಲಂಗಿ ಬಂತೆಂದರೆ ನನ್ನ ಬೆರಳಿಗೆ ತುರಿಕೆ.
ಹೊರಗೆ ಹತ್ತಿ, ಮಾಸಲು, ಬಡಪಾಯಿ.
ಅಂಚಿನ ದಾರ ಎಳೆದರೆ
ಒಂದು ವರ್ಷ ಒಳಗಿಂದ ಹುಲಿ ನೆಗೆಯಿತು.
ಮರುವರ್ಷ ಬೆನ್ನುದ್ದಕ್ಕೂ ಜಲಪಾತ,
ಕುತ್ತಿಗೆಯತ್ತ ಏರುತ್ತಿರುವ ಒಂದು ಮೀನು.
"ಒಳಗೊಂದು ಹೊರಗೊಂದು" ಎಂದು ನಗುತ್ತಿದ್ದಳು ಒಕುಮೆ.
ನಮ್ಮ ಬೀದಿಯಲ್ಲಿ ಅದು ಬೈಗುಳವಲ್ಲ.

ಕಟ್ಟಳೆ ಕಾಯುವ ಕುರೋಇವಾ ಸಾಹೇಬರದೂ ಬರುತ್ತಿತ್ತು.
ಎರಡು ಕತ್ತಿಯ ಮನೆತನ, ರೇಷ್ಮೆಗೆ ಅಡ್ಡಿಯಿಲ್ಲ.
ಬಿಚ್ಚಿದರೆ ತೇಪೆ, ತೇಪೆಯ ಮೇಲೆ ತೇಪೆ,
ಒಂದರಲ್ಲಿ ಅಕ್ಕಿ ಚೀಲದ ಅಕ್ಷರ ಇನ್ನೂ ಅಳಿಸಿಲ್ಲ.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಘಮಘಮ ಎಣ್ಣೆ,
ಅದೂ ಗೆನ್‌ಶಿಚಿಯ ಅಂಗಡಿಯ ಸಾಲ.

ಈ ಸಲ ಗೆನ್‌ಶಿಚಿಯ ಅಂಗಿಯಲ್ಲಿ ಹುಲಿಯಿಲ್ಲ, ಮೀನಿಲ್ಲ.
ದಾರ ಎಳೆದೆ.
ಕೆಂಪು.
ಚಿತ್ರವಿಲ್ಲದ ಬರಿಯ ಕುಸುಬೆ ಕೆಂಪು,
ಗೇಣುಗೇಣಿನ ತುಂಡು ಕೂಡಿಸಿ ಕೂಡಿಸಿ
ದೊಡ್ಡವನ ಬೆನ್ನಿಗೆ ಸಾಕಾಗುವಷ್ಟು.
ಹೆಗಲ ಹತ್ತಿರ ಒಂದು ಮಡಿಕೆ.
ಬೆಳೆಯುವ ಮಕ್ಕಳ ಉಡುಪಿಗೆ ತಾಯಂದಿರು ಹಾಕುವುದು ಅದು,
ವರ್ಷವರ್ಷ ಬಿಚ್ಚಿ ಇಷ್ಟಿಷ್ಟೇ ಅಗಲ ಬಿಡಲೆಂದು.
ಯಾರೂ ಬಿಚ್ಚಿರಲಿಲ್ಲ.

ಸಿಡುಬು ಬಂದ ಮಗುವಿಗೆ ಕೆಂಪು ತೊಡಿಸಬೇಕು.
ಅದೂ ಕಟ್ಟಳೆಯೇ, ಅಜ್ಜಿಯರದು, ಹಲಗೆಯ ಮೇಲೆ ಬರೆದದ್ದಲ್ಲ.
ಹೋದ ಬೇಸಿಗೆ ಎಣ್ಣೆ ಅಂಗಡಿ ಒಂಬತ್ತು ದಿನ ಮುಚ್ಚಿತ್ತು.
ಯಾಕೆಂದು ನಾನು ಕೇಳಿರಲಿಲ್ಲ.

ಎಲ್ಲ ಬಿಚ್ಚಿದೆ. ಮಡಿಕೆ ಬಿಚ್ಚಲಿಲ್ಲ.
ಅದರ ಸುತ್ತ ಒದ್ದೆ ಬೆರಳಲ್ಲಿ ಒರೆಸಿ,
ಮಿಕ್ಕದ್ದನ್ನು ಹಲಗೆಗೆ ಅಂಟಿಸಿದೆ.
ಸಂಜೆಯೊಳಗೆ ಒಣಗಬೇಕಿತ್ತು, ಬಿಸಿಲಲ್ಲಿಟ್ಟೆ.

ಆಗ ಬಂದರು ಕುರೋಇವಾ ಸಾಹೇಬರು, ತಾವೇ.
ಆಳು ಬಿಟ್ಟು ಹೋಗಿ ತಿಂಗಳಾಗಿತ್ತಂತೆ.
ಒಕುಮೆ ನೆಲಕ್ಕೆ ಹಣೆ ಹಚ್ಚಿದಳು, ನಾನೂ ಹಚ್ಚಿದೆ.
ನನಗೆ ಕಂಡದ್ದು ಅವರ ಹುಲ್ಲಿನ ಚಪ್ಪಲಿ ಮಾತ್ರ.
ಹಲಗೆಯ ಮುಂದೆ ನಿಂತಿತು.
ಬಹಳ ಹೊತ್ತು ನಿಂತಿತು.

"ಬಿಸಿಲಿಗಿಡಬೇಡ" ಎಂದರು.
"ಕುಸುಬೆಯ ಕೆಂಪು ಬಿಸಿಲಿಗೆ ಹಾರಿಹೋಗುತ್ತದೆ."
ತಮ್ಮ ಅಂಗಿ ಕಂಕುಳಿಗಿಟ್ಟು ಹೊರಟರು,
ಕೂಲಿಯಲ್ಲಿ ಮೂರು ಕಾಸು ಬಾಕಿ ಉಳಿಸಿ.

ಹಲಗೆ ನೆರಳಿಗೆ ಎಳೆದೆ.
ರಾತ್ರಿ ದೀಪದಲ್ಲಿ ಅದನ್ನು ಒಳಗಿಟ್ಟು ಹೊಲಿದೆ.
ದೀಪದ ಎಣ್ಣೆಯೂ ಅವನದೇ.
ಚಳಿಗೆ ಕೈ ನಡುಗಿತು. ನನ್ನದು ಸೆಣಬಿನ ಒಂಟಿ ಪದರ,
ಅಸ್ತರಿಲ್ಲ.
ಒಳಗೆ ಏನಿದೆ ಎಂದು
ನನ್ನನ್ನು ಯಾರೂ ಕೇಳುವುದಿಲ್ಲ.